ಹಾಡಿಯ ಮಾತು ಕಡತ ಸೇರುವ ದಾರಿ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಸಮುದಾಯ ಸಂಘಟನೆಗಳ ಕಾರ್ಯಕರ್ತರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ತಾಲ್ಲೂಕುಗಳು ನಕ್ಷೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದರೂ ಬದುಕಿನ ಕ್ರಮದಲ್ಲಿ ಬೇರೆಬೇರೆಯಾಗಿವೆ. ಕಾವೇರಿಯ ನಾಲೆಗಳಿಂದ ಹಸಿರಾದ ಕೃಷ್ಣರಾಜನಗರವು ಭತ್ತದ ಸೀಮೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳ ಮಳೆಯಾಶ್ರಿತ ಹೊಲಗಳಲ್ಲಿ ಹೊಗೆಸೊಪ್ಪು ಪ್ರಧಾನ ಬೆಳೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಕಬಿನಿ, ತಾರಕ, ಹೆಬ್ಬಳ್ಳ, ನುಗು ಎಂಬ ನಾಲ್ಕು ಜಲಾಶಯಗಳಿವೆ. ಅದರಾಚೆಗೆ ನಾಗರಹೊಳೆ ಮತ್ತು ಬಂಡೀಪುರದ ಕಾಡು. ಈಗ ಸರಗೂರು, ಸಾಲಿಗ್ರಾಮಗಳೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಭಾಷೆಯೂ ಒಂದಲ್ಲ. ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಹಾಡಿಗಳಲ್ಲಿ ತಮ್ಮ ನುಡಿಯನ್ನೇ ಆಡುತ್ತಾರೆ. ಬೈಲಕುಪ್ಪೆ ಮತ್ತು ಗುರುಪುರಗಳಲ್ಲಿ ಟಿಬೆಟನ್ನರ ನೆಲೆಗಳಿವೆ. ಇಂಥ ಪ್ರದೇಶಕ್ಕೆ ಒಂದೇ ಕರಪತ್ರವನ್ನು ಅಚ್ಚು ಹಾಕಿಸಿ ಹಂಚಿದ ಸಂಘಟನೆಯು ತನ್ನ ಕೆಲಸ ಮುಗಿಯಿತೆಂದು ಭಾವಿಸಿದರೆ, ಆ ಕರಪತ್ರ ತಲುಪಿದ್ದು ಓದಬಲ್ಲವರಿಗೆ ಮಾತ್ರ ಎಂಬುದನ್ನು ಅದು ಮರೆತಂತೆ.

ಸಂವಹನವೆಂಬುದನ್ನು ಬಹುಮಟ್ಟಿಗೆ ಪ್ರಚಾರವೆಂದೇ ತಿಳಿಯಲಾಗಿದೆ. ಮೇಲಿನಿಂದ ಕೆಳಕ್ಕೆ ಸುದ್ದಿ ಇಳಿಸುವುದು ಅದರ ಒಂದು ಮುಖ ಮಾತ್ರ. ಕೆಳಗಿನ ಮಾತು ಮೇಲೇರಿ, ಕಡತದಲ್ಲಿ ದಾಖಲಾಗಿ, ಉತ್ತರವಾಗಿ ಊರಿಗೆ ಮರಳುವುದು ಇನ್ನೊಂದು ಮುಖ. ಸ್ಥಳೀಯ ಅಭಿವೃದ್ಧಿಯ ದೃಷ್ಟಿಯಿಂದ ಈ ಎರಡನೆಯದೇ ಹೆಚ್ಚಿನದು. ಇಲ್ಲಿನ ಸಂಘಟನೆಗಳು ಎಡವುತ್ತಿರುವುದೂ ಇದರಲ್ಲಿಯೇ.

ತಿಳಿವಳಿಕೆ ತಲುಪದಿದ್ದರೆ ಹಕ್ಕೂ ತಲುಪದು

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ನಾಡಿನಾದ್ಯಂತ ಕೇಳಿಸಿತು. ಆದರೆ ಭೂಮಿ ತಾನಾಗಿ ಗೇಣಿದಾರನ ಹೆಸರಿಗೆ ಬರುವಂತಿರಲಿಲ್ಲ. ಅವನು ನಮೂನೆ 7ರಲ್ಲಿ ಅರ್ಜಿ ಬರೆದು ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಿತ್ತು. ಅವಧಿಯನ್ನು ಹಲವು ಸಲ ವಿಸ್ತರಿಸಿ ಕಡೆಗೆ 1979ರ ಜೂನ್ 30ಕ್ಕೆ ಮುಗಿಸಲಾಯಿತು. ಕಾಯಿದೆ ಎಲ್ಲ ಗೇಣಿದಾರರಿಗೂ ಆಯಿತು. ಭೂಮಿ ಮಾತ್ರ ಅರ್ಜಿ ಬರೆದವನಿಗೆ ದೊರೆಯಿತು. ಒಡೆಯನ ಮನೆಯ ಹಂಗಿನಲ್ಲಿದ್ದವನಿಗೆ, ಅಕ್ಷರ ಬಾರದವನಿಗೆ, ನಮೂನೆಯ ಸಂಖ್ಯೆಯನ್ನೇ ಕೇಳಿರದವನಿಗೆ ಆ ದಿನಾಂಕ ಒಂದು ಬಾಗಿಲು ಮುಚ್ಚಿದಂತೆ ಆಯಿತು.

ಇಂದಿಗೂ ಸ್ಥಿತಿ ಬೇರೆಯಾಗಿಲ್ಲ. ಪರಿಹಾರಕ್ಕೆ ಕೊನೆಯ ದಿನ, ಮೇಲ್ಮನವಿಗೆ ಕೊನೆಯ ದಿನ, ನಾಲೆಗೆ ನೀರು ಬಿಡುವ ದಿನ, ಗ್ರಾಮಸಭೆಯ ದಿನ, ಹೀಗೆ ಬಡವನ ಬದುಕನ್ನು ದಿನಾಂಕಗಳೇ ಆಳುತ್ತಿವೆ. ಕೆ.ಆರ್. ನಗರದ ನಾಲೆಯ ತುದಿಯಲ್ಲಿರುವ ರೈತನಿಗೆ ನೀರಿನ ಸರದಿ ತಿಳಿಯುವ ಹೊತ್ತಿಗೆ ಮೇಲಿನವನ ಗದ್ದೆಯಲ್ಲಿ ನಾಟಿ ಮುಗಿದಿದ್ದರೆ, ಕೊರತೆ ನೀರಿನದು ಮಾತ್ರವಲ್ಲ, ಸುದ್ದಿಯದೂ ಹೌದು.

ಕೇಳಿದ ಪ್ರಶ್ನೆಗೆ ಉತ್ತರ

ಹೊಗೆಸೊಪ್ಪಿನ ವಿಷಯವನ್ನು ನೋಡಬಹುದು. ಎಲೆ ಹದಮಾಡುವ ಬ್ಯಾರನ್ನುಗಳಿಗೆ ಸೌದೆ ಬೇಕು. ಆ ಸೌದೆಗಾಗಿ ಊರಿನ ಮರ, ಕಾಡಿನಂಚಿನ ಮರ ಉರುಳುತ್ತವೆ. ಎಲೆ ಮುರಿಯುವವರ, ಪೋಣಿಸುವವರ ಆರೋಗ್ಯವೂ ಕೆಡುತ್ತದೆ. ಪರಿಸರ ಸಂಘಟನೆಗಳು ಇದನ್ನು ಹೇಳುತ್ತಲೇ ಬಂದಿವೆ. ಆದರೂ ಬೆಳೆ ನಿಂತಿಲ್ಲ. ಇದಕ್ಕೆ ರೈತನ ಅಜ್ಞಾನ ಕಾರಣವೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ನಿಜವಲ್ಲ. ಹೊಗೆಸೊಪ್ಪಿಗೆ ತಂಬಾಕು ಮಂಡಳಿಯ ಪರವಾನಗಿಯಿದೆ, ಅದರ ಆಧಾರದ ಮೇಲೆ ಬ್ಯಾಂಕಿನ ಸಾಲವಿದೆ, ಹರಾಜು ಮಾರುಕಟ್ಟೆಯಿದೆ, ದರ ಎಲ್ಲರ ಎದುರಿನಲ್ಲೇ ಗೊತ್ತಾಗುತ್ತದೆ. ರಾಗಿ, ಅವರೆ, ಮುಸುಕಿನ ಜೋಳಗಳನ್ನು ಬೆಳೆಯಿರಿ ಎನ್ನುವವರು ಈ ನಾಲ್ಕರಲ್ಲಿ ಯಾವುದನ್ನು ಕೊಡಬಲ್ಲರು ಎಂಬುದೇ ರೈತನ ಪ್ರಶ್ನೆ.

ಸಂಘಟನೆಯು ಸೌದೆಯ ಬಗ್ಗೆ ಮಾತನಾಡುತ್ತಿದೆ. ರೈತನು ಸಾಲದ ಬಗ್ಗೆ ಯೋಚಿಸುತ್ತಿದ್ದಾನೆ. ಎರಡು ಮಾತುಗಳು ಒಂದೆಡೆ ಸೇರುತ್ತಿಲ್ಲ. ಆದ್ದರಿಂದ ಸಂವಹನದ ಮೊದಲ ಹೆಜ್ಜೆ ಕೇಳುವುದು. ಊರಿನಲ್ಲಿ ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ ಎಂಬುದನ್ನು ಕಾರ್ಯಕರ್ತರು ಬರೆದುಕೊಂಡು, ಆ ಪ್ರಶ್ನೆಗೆ ಉತ್ತರವಾಗುವಂತೆ ತಮ್ಮ ಮಾತನ್ನು ರೂಪಿಸಬೇಕು. ಉತ್ತರವಿಲ್ಲದಿದ್ದರೆ ಇಲ್ಲವೆಂದೇ ಹೇಳಬೇಕು. ಹಾಗೆ ಹೇಳಿದ ಸಂಘಟನೆಯನ್ನು ಜನ ನಂಬುತ್ತಾರೆ.

ನಾಗರಹೊಳೆಯ ಪಾಠ

ನಾಗರಹೊಳೆಯ ಆದಿವಾಸಿಗಳ ಹೋರಾಟವು ಈ ವಿಷಯದಲ್ಲಿ ಇಡೀ ರಾಜ್ಯಕ್ಕೆ ಪಾಠವಾಗಬಲ್ಲದು. ರಾಷ್ಟ್ರೀಯ ಉದ್ಯಾನದೊಳಗೆ ಮೂರ್ಕಲ್ಲಿನಲ್ಲಿ ತಾಜ್ ಸಮೂಹದ ಪ್ರವಾಸಿ ವಸತಿಗೆ ಅರಣ್ಯ ಕಟ್ಟಡಗಳನ್ನು ಗುತ್ತಿಗೆ ನೀಡಿದಾಗ ಹಾಡಿಗಳ ಜನ ಪ್ರತಿಭಟಿಸಿದರು. ಜೊತೆಗೆ ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯು ಹೈಕೋರ್ಟಿಗೆ ಹೋಯಿತು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಹೀಗೆ ನೀಡಲಾಗದು ಎಂಬ ಅರಣ್ಯ ಸಂರಕ್ಷಣಾ ಕಾಯಿದೆಯ ನಿಯಮವೇ ಅಲ್ಲಿ ಮುಖ್ಯವಾಯಿತು. 1997ರಲ್ಲಿ ತೀರ್ಪು ಸಮಿತಿಯ ಪರವಾಗಿ ಬಂದಿತು. ಬೀದಿಯಲ್ಲಿ ಕೂಗಿದ ಮಾತಿಗೆ ಕಾಯಿದೆಯ ನುಡಿಯಲ್ಲಿ ಒಂದು ಅನುವಾದ ದೊರೆತದ್ದರಿಂದ ಇದು ಸಾಧ್ಯವಾಯಿತು.

ಅದೇ ಕಾಲದಲ್ಲಿ ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ದೇಶದ 7 ಸಂರಕ್ಷಿತ ಅರಣ್ಯಗಳಿಗೆ ಬಂದಿತು. ನಾಗರಹೊಳೆಯೂ ಅವುಗಳಲ್ಲಿ ಒಂದು. ಯೋಜನೆಯ ದಾಖಲೆಗಳಲ್ಲಿ ಜನರ ಸಹಭಾಗಿತ್ವ ಎಂಬ ಪದ ಧಾರಾಳವಾಗಿತ್ತು. ಆದರೆ ತಮ್ಮನ್ನು ಸರಿಯಾಗಿ ಕೇಳಿಯೇ ಇಲ್ಲವೆಂದು ಆದಿವಾಸಿಗಳು 1998ರಲ್ಲಿ ಬ್ಯಾಂಕಿನ ಪರಿಶೀಲನಾ ಮಂಡಳಿಗೆ ದೂರು ನೀಡಿದರು. ತನಿಖೆ ಬೇಕೆಂದು ಮಂಡಳಿ ಶಿಫಾರಸು ಮಾಡಿದರೂ ಬ್ಯಾಂಕಿನ ಆಡಳಿತ ಮಂಡಳಿ ಅದನ್ನು ಒಪ್ಪಲಿಲ್ಲ. ಕಾಡಿನೊಳಗಿನ ಮಾತು ವಾಷಿಂಗ್ಟನ್ನಿನವರೆಗೆ ಹೋದದ್ದು ದೊಡ್ಡದೇ. ಮಾತು ತಲುಪುವುದು ಬೇರೆ, ಅದಕ್ಕೆ ಬೆಲೆ ಸಿಗುವುದು ಬೇರೆ ಎಂಬುದೂ ಆಗ ತಿಳಿಯಿತು.

2006ರ ಅರಣ್ಯಹಕ್ಕು ಕಾಯಿದೆ ಮಾತಿಗೆ ಬೆಲೆ ಕೊಡುವ ಒಂದು ದಾರಿಯನ್ನು ತೆರೆಯಿತು. 2008ರ ಜನವರಿಯಲ್ಲಿ ಬಂದ ಅದರ ನಿಯಮಗಳಲ್ಲಿ ಸಾಕ್ಷ್ಯಗಳ ಒಂದು ಪಟ್ಟಿಯಿದೆ. ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಬಾವಿ, ಸ್ಮಶಾನ, ಪೂಜಾಸ್ಥಳಗಳಂಥ ಕುರುಹುಗಳು ಅಲ್ಲಿವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಇಂಥದೇ ದಾಖಲೆ ಬೇಕೆಂದು ಯಾವ ಸಮಿತಿಯೂ ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿತು. ಅಕ್ಷರವಿಲ್ಲದ ಅಜ್ಜಿಯೊಬ್ಬಳ ನೆನಪಿಗೆ ಕಾಯಿದೆಯಲ್ಲಿ ಸ್ಥಾನ ದೊರೆತಿದೆ. ಆದರೆ ಒಂದು ಷರತ್ತಿದೆ: ಅದನ್ನು ಯಾರಾದರೂ ಬರೆದುಕೊಳ್ಳಬೇಕು.

ಬರೆದುಕೊಳ್ಳುವ ಈ ಕೆಲಸವೇ ಇಂದಿನ ದೊಡ್ಡ ಸಂವಹನ ಕಾರ್ಯ. ಹೇಳಿಕೆಯನ್ನು ಹಿರಿಯರ ನುಡಿಯಲ್ಲೇ ಕೇಳಬೇಕು. ಕೆರೆ, ಮರ, ಗುಡ್ಡ, ಹೊಳೆಗಳ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆಯಬೇಕು. ಬರೆದದ್ದನ್ನು ಹಾಡಿಯ ಎದುರು ಗಟ್ಟಿಯಾಗಿ ಓದಿ, ತಿದ್ದಿಸಿಕೊಂಡು, ಆಮೇಲೆ ಹೆಬ್ಬೆಟ್ಟು ಹಾಕಿಸಬೇಕು. ಅರ್ಜಿ ತಿರಸ್ಕೃತವಾದರೆ ಮೇಲಿನ ಸಮಿತಿಗೆ ಮನವಿ ಸಲ್ಲಿಸಲು ಇರುವುದು 60 ದಿನ. ತಿರಸ್ಕಾರದ ಪತ್ರ ಗುಡಿಸಲಿನ ಸೂರಿನಲ್ಲಿ ಸಿಕ್ಕಿಕೊಂಡು 61ನೆಯ ದಿನ ಓದಲ್ಪಟ್ಟರೆ, ತಲೆಮಾರುಗಳ ನೆಲೆ ಒಂದು ದಿನದ ಅಂತರದಲ್ಲಿ ಕೈತಪ್ಪಬಹುದು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ನೀಡಿ, ಈ ಭಾಗದ ಕಾಡುಗಳಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. ಅಷ್ಟು ಕುಟುಂಬಗಳ ಬದುಕು ಕಾಗದಗಳ ಓದಿನ ಮೇಲೆ ನಿಂತಿದೆ.

ಮಾಧ್ಯಮಗಳ ಆಯ್ಕೆ

ಮಾಧ್ಯಮಗಳ ವಿಷಯದಲ್ಲಿ ಮೈಸೂರು ಸೀಮೆ ಬಡವಾಗಿಲ್ಲ. ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಮುಂದೆ ಬಾನುಲಿ ಸರ್ಕಾರದ್ದೇ ಆಯಿತು. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮೇಲೂ ಹಳ್ಳಿಯ ಸಂಘಟನೆಗಳಿಗೆ ಪರವಾನಗಿ ದೊರೆಯಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಆಗ ಕೇಬಲ್ ತಂತಿಯ ಮೂಲಕವೇ ಮನೆಗಳಿಗೆ ಕಾರ್ಯಕ್ರಮ ತಲುಪಿಸಿತು. 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ನೀಡಿದ ಬಳಿಕ 2012ರಲ್ಲಿ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ‘ಜನಧ್ವನಿ’ ಸಮುದಾಯ ಬಾನುಲಿ ಆರಂಭವಾಯಿತು. ಇಂಥ ಕೇಂದ್ರಗಳು ಸ್ವತಂತ್ರವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲವೆಂಬ ನಿರ್ಬಂಧ ಬೇಸರದ ಸಂಗತಿ. ಆದರೂ ಹವಾಮಾನ, ಬೆಳೆ, ಆರೋಗ್ಯ, ಗ್ರಾಮಸಭೆಯ ದಿನಾಂಕ, ಹಾಡಿಯ ಹಾಡು, ಇವೆಲ್ಲಕ್ಕೂ ಅಲ್ಲಿ ಎಡೆಯಿದೆ. ಓದು ಬಾರದವನಿಗೂ ತಲುಪುವ ಮಾಧ್ಯಮವದು.

ಹಳೆಯ ದಾರಿಗಳನ್ನೂ ಮರೆಯಬಾರದು. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯ ಜಾತ್ರೆಗೆ ಸಾವಿರಾರು ಜನ ಬರುತ್ತಾರೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ನೀಲಗಾರರ ಬಾಯಿಗೆ ಯೋಜನೆಯ ಘೋಷಣೆ ತುರುಕುವುದು ಆ ಕಲೆಗೂ ಅಪಚಾರ, ಜನರಿಗೂ ಅಪಚಾರ. ಆದರೆ ಜನ ತಾವಾಗಿ ಸೇರುವ ಸ್ಥಳದ ಅಂಚಿನಲ್ಲಿ ಒಂದು ಮೇಜು ಹಾಕಿ ಅರ್ಜಿ ಬರೆದುಕೊಡುವುದು ಸಾಧ್ಯ. ಸಂತೆ, ಜಾತ್ರೆ, ಹೊಗೆಸೊಪ್ಪಿನ ಹರಾಜು ಕಟ್ಟೆ, ಇವು ಜನರ ಸಮಯಕ್ಕೆ ಹೊಂದುವ ಸ್ಥಳಗಳು.

ಕಾಡಂಚಿನಲ್ಲಿ ಫೋನು ಪ್ರಾಣ ಉಳಿಸುವ ಸಾಧನ. ತಮಿಳುನಾಡಿನ ವಾಲ್ಪಾರೆಯಲ್ಲಿ, ಆ ಬಳಿಕ ಹಾಸನ ಜಿಲ್ಲೆಯಲ್ಲಿ, ಆನೆಗಳ ಇರುವಿಕೆಯನ್ನು ಸಂದೇಶದ ಮೂಲಕ ಜನರಿಗೆ ತಿಳಿಸುವ ವ್ಯವಸ್ಥೆ ನಡೆದು ಬಂದಿದೆ. ಬಂಡೀಪುರ ಮತ್ತು ನಾಗರಹೊಳೆಯ ಸುತ್ತ 2015ರಲ್ಲಿ ಆರಂಭವಾದ ‘ವೈಲ್ಡ್ ಸೇವೆ’ಯಲ್ಲಿ ರೈತ ಕರೆ ಮಾಡುತ್ತಾನೆ, ಕಾರ್ಯಕರ್ತ ಹೊಲಕ್ಕೆ ಬಂದು ಪರಿಹಾರದ ಅರ್ಜಿ ಸಿದ್ಧಪಡಿಸಲು ನೆರವಾಗುತ್ತಾನೆ. ಇಲ್ಲಿ ಗಮನಿಸಬೇಕಾದದ್ದು ಯಂತ್ರವನ್ನಲ್ಲ, ಮಾತು ಹಳ್ಳಿಯಿಂದಲೇ ಹೊರಡುತ್ತದೆ ಎಂಬುದನ್ನು. ಫೋನಿನಲ್ಲೇ ವದಂತಿಯೂ ಓಡುತ್ತದೆ. ಆದ್ದರಿಂದ ಸಂಘಟನೆಯ ಹೆಸರಿನಲ್ಲಿ ಹೋಗುವ ಪ್ರತಿ ಸಂದೇಶದಲ್ಲಿ ಎಲ್ಲಿ, ಯಾವಾಗ, ಕಂಡವರಾರು ಎಂಬ ಮೂರು ವಿವರಗಳಿರಲಿ.

ಮಾಡಬೇಕಾದ ಕೆಲಸ

ಗ್ರಾಮಸಭೆಯ ಸುದ್ದಿಯನ್ನು ಪಂಚಾಯಿತಿಯ ಗೋಡೆಗೆ ಬಿಡದೆ, ಹಿಂದಿನ ಸಂಜೆ ಪ್ರತಿ ಕೇರಿಯಲ್ಲೂ, ದಲಿತರ ಕೇರಿಯಲ್ಲೂ ಹಾಡಿಯಲ್ಲೂ, ತಮಟೆ ಹೊಡೆದು ಸಾರಬೇಕು. ಕೂಲಿಯ ಹೊತ್ತಿನಲ್ಲಿ ಕರೆದ ಸಭೆಗೆ ಹೆಂಗಸರು ಬರಲಾರರು. ಅರಣ್ಯಹಕ್ಕಿನ ಗ್ರಾಮಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನರ ಹಾಜರಿ ಬೇಕು. ಬಂದವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಸಮಯ ಗೊತ್ತುಮಾಡುವಾಗಲೇ ಇದನ್ನು ಯೋಚಿಸದಿದ್ದರೆ ಸಭೆಯೇ ಅಸಿಂಧುವಾದೀತು. ಸುದ್ದಿ ಒಬ್ಬ ಮುಖಂಡನ ಫೋನಿನಲ್ಲಿ ನಿಂತುಹೋಗದಂತೆ ಪ್ರತಿ ಹಾಡಿಗೆ, ಪ್ರತಿ ಕೇರಿಗೆ ಇಬ್ಬರು ಹೊಣೆಗಾರರಿರಬೇಕು, ಅವರಲ್ಲೊಬ್ಬಳು ಹೆಂಗಸಾಗಿರಬೇಕು.

ಸ್ವಸಹಾಯ ಸಂಘಗಳ ನಡವಳಿ ಪುಸ್ತಕಗಳು ಇಲ್ಲಿನ ಹೆಂಗಸರಿಗೆ ಪರಿಚಿತ. ಅದೇ ಮಾದರಿಯಲ್ಲಿ ಪ್ರತಿ ಸಂಘಟನೆಯೂ ಒಂದು ಮಾತಿನ ಪುಸ್ತಕ ಇಡಲಿ. ಯಾರು ಏನು ಹೇಳಿದರು, ಅದನ್ನು ಯಾವ ಕಚೇರಿಗೆ ಯಾವ ದಿನ ಕೊಡಲಾಯಿತು, ಏನು ಉತ್ತರ ಬಂತು ಎಂಬ ಮೂರು ಕಲಂಗಳು ಸಾಕು. ಉತ್ತರದ ಕಲಂ ಖಾಲಿ ಉಳಿದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬೇಕು. 30 ದಿನಗಳೊಳಗೆ ಉತ್ತರಿಸುವುದು ಕಚೇರಿಯ ಕರ್ತವ್ಯ. ಬಂದ ಉತ್ತರವನ್ನು ಹೇಳಿದವರ ಬಾಗಿಲಿಗೇ ಹೋಗಿ ಓದಿ ತಿಳಿಸಬೇಕು. ಮುಂದಿನ ಗ್ರಾಮಸಭೆಗೆ ಮುನ್ನ ನಾಲ್ಕು ತಾಲ್ಲೂಕುಗಳ ಸಂಘಟನೆಗಳು ಇಂಥ ಪುಸ್ತಕದ ಮೊದಲ ಪುಟವನ್ನು ತುಂಬಿಸಲಿ ಎಂಬುದು ಈ ಉಪನ್ಯಾಸದ ಬಿನ್ನಹ.