ಬಣ್ಣವಿಲ್ಲದ ನೀರು, ನೀಲಿ ಮೈಲುತುತ್ತ!

(ಮಟಮಾರಿಯಲ್ಲಿ ಯುವಕರ ಎದುರು ಆಡಿದ ಮಾತಿನ ಬರಹರೂಪ)



ನಾನು ವಿಜ್ಞಾನಿಯಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ಬೈಂಡಿಂಗಿಗೆ ಮೈದಾ ಅಂಟು ಕುದಿಸುವಾಗ ನಾವು ಚಿಟಿಕೆ ಮೈಲುತುತ್ತ ಹಾಕುತ್ತೇವೆ. ಹಾಕದಿದ್ದರೆ ಅಂಟಿಗೆ ಬೂಜು, ಪುಸ್ತಕಕ್ಕೆ ಹುಳ.

ಒಂದು ಬೇಸಿಗೆಯಲ್ಲಿ ಡಬ್ಬಿ ತೆರೆದರೆ ನೀಲಿ ಹರಳುಗಳ ಮೇಲೆಲ್ಲ ಬಿಳಿ ಪುಡಿ! "ಸುಣ್ಣ ಬೆರೆಸಿದ ಮಾಲು ತಂದು ಉಳಿದ ದುಡ್ಡು ಎಲ್ಲಿಟ್ಟಿ?" ಎಂದು ಕೆಲಸದ ಹುಡುಗನ ಮೇಲೆ ಎಲ್ಲರೆದುರು ಹರಿಹಾಯ್ದೆ. "ಇಲ್ರೀ ಮಾಲಕ್ರ, ಚಲೋ ಮಾಲೇ ತಂದೀನ್ರಿ" ಎಂದು ಅತ್ತ. ನಾನು ಕೇಳಲಿಲ್ಲ. ಆ ವಾರದ ಪಗಾರದಲ್ಲಿ ಹಣ ಮುರಿದುಕೊಂಡೆ.

ಮರುದಿನ ಲಗ್ನಪತ್ರಿಕೆ ಅಚ್ಚು ಹಾಕಿಸಲು ಮಾಸ್ತರರೊಬ್ಬರು ಬಂದರು. ಸಂಗತಿ ಕೇಳಿ, ಆ ಬಿಳಿ ಪುಡಿಯನ್ನು ಕಾಗದದ ಮೇಲೆ ಉದುರಿಸಿ ಎರಡು ಹನಿ ನೀರು ಬಿಟ್ಟರು. ಕಣ್ಣೆದುರೇ ಪುಡಿ ನೀಲಿಯಾಯಿತು! ಬರೀ ಸುಣ್ಣವಾಗಿದ್ದರೆ ಬಿಳಿಯಾಗಿಯೇ ಇರುತ್ತಿತ್ತು. ಡಬ್ಬಿ ಇದ್ದದ್ದು ಅಂಟು ಕುದಿಸುವ ಒಲೆಯ ಮಗ್ಗುಲಲ್ಲಿ. ಅಲ್ಲಿ ಇಟ್ಟವನು ನಾನೇ!

ಗೆಳೆಯರೇ, ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಹರಳು ಕಟ್ಟುವಾಗ ಒಂದು ತಾಮ್ರಕ್ಕೆ ಐದರಂತೆ ನೀರಿನ ಅಣುಗಳು ಒಳಗೆ ಸೇರಿಕೊಳ್ಳುತ್ತವೆ. ಇದೇ ಸ್ಫಟಿಕ ಜಲ. ಮುಟ್ಟಿದರೆ ಒಣಗಿದ ಹರಳು. ಆದರೆ 100 ಗ್ರಾಂನಲ್ಲಿ 36 ಗ್ರಾಂ ನೀರೇ! ಐದರಲ್ಲಿ ನಾಲ್ಕು ಅಣುಗಳು ತಾಮ್ರವನ್ನು ಸುತ್ತುವರಿಯುತ್ತವೆ. ಆಗ ತಾಮ್ರದ ಎಲೆಕ್ಟ್ರಾನುಗಳು ಬೆಳಕಿನ ಕೆಂಪು ಭಾಗವನ್ನು ಹೀರುತ್ತವೆ, ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ. ಕಾಯಿಸಿದರೆ ನೀರು ಹೊರಟುಹೋಗುತ್ತದೆ. ಆಗ ತಾಮ್ರ ಹೀರುವುದು ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು. ಹಾಗಾಗಿ ಪುಡಿ ಬಿಳಿ.

ಹಾಗಾದರೆ ಬಣ್ಣ ನೀರಿನದೇ? ಅಲ್ಲವೇ ಅಲ್ಲ! ಪಟಿಕದಲ್ಲೂ ವಾಷಿಂಗ್ ಸೋಡಾ ಹರಳಿನಲ್ಲೂ ಸ್ಫಟಿಕ ಜಲವಿದೆ, ಬಣ್ಣವಿಲ್ಲ. ಅಲ್ಯೂಮಿನಿಯಂ, ಸೋಡಿಯಂಗಳಲ್ಲಿ ಹಾಗೆ ಬೆಳಕು ಹೀರುವ ಎಲೆಕ್ಟ್ರಾನುಗಳಿಲ್ಲ. ಕೋಬಾಲ್ಟ್ ಕ್ಲೋರೈಡಿನದು ಇನ್ನೊಂದು ಆಟ: ಒಣಗಿದ್ದಾಗ ನೀಲಿ, ನೀರು ಸೇರಿದರೆ ಗುಲಾಬಿ. ಲೋಹ ಯಾವುದು, ಅದರ ನೆರೆಯಲ್ಲಿ ಏನಿದೆ, ಎರಡೂ ಸೇರಿಯೇ ಬಣ್ಣ.

ಹುಡುಗನ ಹಣ ಮರಳಿಸಿದೆ. ಎಲ್ಲರೆದುರು ಬೈದವನು ಎಲ್ಲರೆದುರೇ "ತಪ್ಪಾಯ್ತು ತಮ್ಮಾ" ಎಂದೆ. ಪಿಯುಸಿಯಲ್ಲಿ ಈ ಪಾಠ ನಾನೂ ಓದಿದ್ದೆ! ಪರೀಕ್ಷೆಗೆ ಬರೆದು ಮರೆತಿದ್ದೆ. ನೀವು ಹಾಗೆ ಮಾಡಬೇಡಿ. ಓದಿದ್ದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಮೈಲುತುತ್ತ ವಿಷ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಆದರೆ ಯಾರನ್ನಾದರೂ ಕಳ್ಳನೆನ್ನುವ ಮೊದಲು ಎರಡು ಹನಿ ನೀರು ಹಾಕಿ ನೋಡಿ.