ರಾಗಿಯ ಎಲೆಯೊಳಗಿನ ಬಿಸಿಲ ಅಡುಗೆಮನೆ



ಕನಕದಾಸರ ‘ರಾಮಧಾನ್ಯ ಚರಿತೆ’ಯ ಕಥೆಯನ್ನು ನಮ್ಮಲ್ಲಿ ಬಹಳ ಮಂದಿ ಶಾಲೆಯಲ್ಲಿ ಕೇಳಿದ್ದೇವೆ. ಭತ್ತಕ್ಕೂ ರಾಗಿಗೂ ಯಾರು ಮೇಲು ಎಂಬ ಜಗಳ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಸೊರಗಿತು, ರಾಗಿ ಗಟ್ಟಿಯಾಗಿಯೇ ಉಳಿಯಿತು. ಅದು ಕೂಡಿಟ್ಟ ಕಾಳಿನ ಪರೀಕ್ಷೆ. ಇವತ್ತು ಅವೆರಡನ್ನೂ ಸೆರೆಯಿಂದ ಬಿಡಿಸಿ, ಹೊಲಕ್ಕೆ ಕರೆತಂದು, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿ ನೋಡೋಣ.

ಹೀಗೆ ನೋಡಲು ಒಂದು ಕಾರಣವಿದೆ. ನಮ್ಮ ಮಹಾನಗರಗಳ ಅಂಗಡಿಗಳಲ್ಲಿ ಈಗ ಸಿರಿಧಾನ್ಯಗಳಿಗೆ ಬೇರೆ ಮರ್ಯಾದೆ ಬಂದಿದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಮೇಲಂತೂ ಕೇಳುವುದೇ ಬೇಡ. ಜೊತೆಗೆ ಒಂದು ಮಾತೂ ಹರಡಿದೆ: “ಅದಕ್ಕೇನು, ನೀರು ಬೇಡ, ಆರೈಕೆ ಬೇಡ, ತಾನೇ ಬೆಳೆಯುತ್ತದೆ.” ಈ ಮಾತು ಅರ್ಧ ನಿಜ. ಆ ಅರ್ಧ ನಿಜ ಯಾವುದು, ಉಳಿದರ್ಧ ಯಾಕೆ ಅಪಾಯ ಎಂಬುದು ರಾಗಿಯ ಎಲೆಯೊಳಗೇ ಬರೆದಿದೆ.

ಎಲೆ ಎಂದರೆ ಗಿಡದ ಅಡುಗೆಮನೆ. ಬಿಸಿಲು ಒಲೆ, ನೀರು ಬೇರಿನಿಂದ ಬರುತ್ತದೆ, ಇಂಗಾಲದ ಡೈಆಕ್ಸೈಡ್ ಗಾಳಿಯಿಂದ ಬರಬೇಕು. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಅದು ಇರುವುದು ನಾಲ್ಕು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಆಮ್ಲಜನಕವೋ ಎರಡು ಸಾವಿರದ ನೂರು ಪಾಲು! ಇಂಗಾಲವನ್ನು ಹಿಡಿದು ಸಕ್ಕರೆಯಾಗಿಸುವ ಬಾಣಸಿಗನೊಬ್ಬ ಎಲೆಯಲ್ಲಿದ್ದಾನೆ. ಅವನ ಹೆಸರು ರುಬಿಸ್ಕೋ. ಕೆಲಸಗಾರ ಒಳ್ಳೆಯವನೇ, ಆದರೆ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಆಗಾಗ ತಪ್ಪುತ್ತಾನೆ. ಇಂಗಾಲದ ಬದಲು ಆಮ್ಲಜನಕವನ್ನು ಪಾತ್ರೆಗೆ ಹಾಕಿಬಿಡುತ್ತಾನೆ. ಆ ಕೆಟ್ಟ ಅಡುಗೆಯನ್ನು ಸರಿಪಡಿಸಲು ಗಿಡ ಶಕ್ತಿ ಖರ್ಚು ಮಾಡಬೇಕು, ಹಿಡಿದಿಟ್ಟ ಇಂಗಾಲದಲ್ಲೂ ಒಂದಿಷ್ಟನ್ನು ಹೊರಗೆ ಬಿಡಬೇಕು. ಬಿಸಿಲು ಏರಿದಷ್ಟೂ ಅವನ ತಪ್ಪು ಹೆಚ್ಚು. ಭತ್ತ, ಗೋಧಿಯಂಥ ಬೆಳೆಗಳು ಬಿಸಿ ದಿನಗಳಲ್ಲಿ ತಮ್ಮ ಗಳಿಕೆಯ ಸುಮಾರು ಕಾಲು ಭಾಗವನ್ನೇ ಹೀಗೆ ಕಳೆದುಕೊಳ್ಳುವುದುಂಟು.

ರಾಗಿ ಏನು ಮಾಡಿತು? ಬಾಣಸಿಗನನ್ನು ಬದಲಿಸಲಿಲ್ಲ, ಅಡುಗೆಮನೆಯನ್ನೇ ಒಳಕೋಣೆಗೆ ಸಾಗಿಸಿತು. ಎಲೆಯ ಹೊರ ಕೋಶಗಳಲ್ಲಿ ಬೇರೊಬ್ಬ ಕಾವಲುಗಾರನನ್ನು ನಿಲ್ಲಿಸಿತು. ಅವನು ಆಮ್ಲಜನಕಕ್ಕೆ ಮರುಳಾಗುವವನಲ್ಲ. ಇಂಗಾಲವನ್ನು ಮಾತ್ರ ಆರಿಸಿ, ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟಿ ಒಳಕ್ಕೆ ಕಳಿಸುತ್ತಾನೆ. ಎಲೆಯ ನರಗಳ ಸುತ್ತ ಹಾರದಂತೆ ಜೋಡಿಸಿದ ದಪ್ಪ ಕೋಶಗಳಲ್ಲಿ ಆ ಗಂಟು ಬಿಚ್ಚುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ದಟ್ಟವಾಗಿರುತ್ತದೆಂದರೆ ರುಬಿಸ್ಕೋಗೆ ತಪ್ಪಲು ಅವಕಾಶವೇ ಕಡಿಮೆ. ನಾಲ್ಕು ಇಂಗಾಲದ ಲೆಕ್ಕದಿಂದಲೇ ಇದಕ್ಕೆ ‘ಸಿ-ನಾಲ್ಕು’ ಎಂಬ ಹೆಸರು. ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು ಎಲ್ಲವೂ ಇದೇ ಕುಲದವು.

ಈ ಗುಟ್ಟು ಬಯಲಾದದ್ದು ರಾಗಿಯಿಂದಲ್ಲ, ಕಬ್ಬಿನಿಂದ. 1965ರಲ್ಲಿ ಹವಾಯಿಯ ವಿಜ್ಞಾನಿಗಳು ಕಬ್ಬಿನ ಎಲೆಯಲ್ಲಿ ಈ ವಿಚಿತ್ರವನ್ನು ವರದಿ ಮಾಡಿದರು. 1966ರಲ್ಲಿ ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ ಅದರ ದಾರಿಯನ್ನು ಬಿಡಿಸಿ ತೋರಿಸಿದರು. ಎಲೆಯೊಳಗಿನ ಆ ಹಾರವನ್ನು ಮಾತ್ರ ಹೇಬರ್‌ಲಾಂಟ್ ಎಂಬ ಸಸ್ಯವಿಜ್ಞಾನಿ 1880ರ ದಶಕದಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ್ದ. ಹಾರ ಕಂಡಿತ್ತು, ಅದರ ಉಪಯೋಗ ತಿಳಿಯಲು ಎಂಬತ್ತು ವರ್ಷ ಬೇಕಾಯಿತು.

ಇನ್ನು ನೀರಿನ ಮಾತು. ಎಲೆ ಗಾಳಿಗಾಗಿ ತನ್ನ ರಂಧ್ರಗಳನ್ನು ತೆರೆದಾಗಲೆಲ್ಲ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಕಾವಲುಗಾರ ಚುರುಕಾಗಿರುವುದರಿಂದ ರಾಗಿಗೆ ಬಾಗಿಲನ್ನು ಸ್ವಲ್ಪವೇ ತೆರೆದರೂ ಸಾಕು. ಒಂದು ಗ್ರಾಂ ಒಣ ಪದಾರ್ಥ ಕಟ್ಟಲು ಸಿ-ನಾಲ್ಕು ಬೆಳೆಗಳು ಸಾಮಾನ್ಯವಾಗಿ 250ರಿಂದ 350 ಗ್ರಾಂ ನೀರು ಬಿಟ್ಟರೆ, ಭತ್ತ-ಗೋಧಿಯ ಕುಲದವು 450 ಗ್ರಾಂಗಿಂತ ಹೆಚ್ಚು ಬಿಡುತ್ತವೆ. ಪುಣೆ, ಮುಂಬೈಯ ಮಿತ್ರರು ತಿನ್ನುವ ಮಾಲ್ದಂಡಿ ಜೋಳದ ರೊಟ್ಟಿಯನ್ನು ನೆನೆಯಿರಿ. ಸೊಲ್ಲಾಪುರ, ವಿಜಯಪುರದ ಎರೆಹೊಲದಲ್ಲಿ ಮಳೆಗಾಲದ ಕೊನೆಗೆ ಬಿತ್ತಿದ ಆ ಜೋಳ, ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಚಳಿಗಾಲವಿಡೀ ಬೆಳೆಯುತ್ತದೆ.

ಇಲ್ಲಿಗೆ ಅರ್ಧ ನಿಜ ಮುಗಿಯಿತು. ಈಗ ಉಳಿದರ್ಧ. ಕಡಿಮೆ ನೀರು ಎಂದರೆ ನೀರೇ ಬೇಡ ಎಂದಲ್ಲ. ಕಬ್ಬೂ ಸಿ-ನಾಲ್ಕೇ! ಆದರೂ ವರ್ಷವಿಡೀ ಹೊಲದಲ್ಲಿ ನಿಂತು ಅದು ಕುಡಿಯುವ ನೀರು ನಮಗೆಲ್ಲ ಗೊತ್ತು. ರಾಗಿ ಗೆಲ್ಲುವುದು ಎಲೆಯ ಜಾಣತನದಿಂದ ಮಾತ್ರವಲ್ಲ, ಮೂರೂವರೆ ನಾಲ್ಕು ತಿಂಗಳಲ್ಲಿ ಕೆಲಸ ಮುಗಿಸುವ ಬುದ್ಧಿಯಿಂದ, ಒಣಗಿದಾಗ ಕಾದು ಮಳೆ ಬಂದಾಗ ಚಿಗುರುವ ತಾಳ್ಮೆಯಿಂದ. ಅದಕ್ಕೂ ಒಂದು ಮಿತಿಯಿದೆ. ತೆನೆ ಹೊರಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಕಾಳು ಜೊಳ್ಳಾಗುತ್ತದೆ. ಕಳೆ ಕೀಳದಿದ್ದರೆ ಪೈರು ಸೋಲುತ್ತದೆ. ಆ ಕಾವಲುಗಾರನ ಸಂಬಳವೂ ಬಿಟ್ಟಿಯಲ್ಲ. ಅವನಿಗೆ ಹೆಚ್ಚುವರಿ ಶಕ್ತಿ ಬೇಕು, ಅದು ಸಿಗುವುದು ಧಾರಾಳ ಬಿಸಿಲಿನಿಂದ. ನೆರಳಿನಲ್ಲಿ, ಚಳಿಯಲ್ಲಿ ರಾಗಿಯ ಹೆಚ್ಚುಗಾರಿಕೆ ಕರಗಿಹೋಗುತ್ತದೆ. ಭತ್ತಕ್ಕೆ ಅವಮಾನ ಮಾಡಬೇಕಾಗಿಲ್ಲ, ಅದರ ಗದ್ದೆಯೇ ಬೇರೆ.

“ತಾನೇ ಬೆಳೆಯುತ್ತದೆ” ಎಂದಾಗ ನಾವು ಮರೆಯುವುದು ರೈತನನ್ನು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ರಾಗಿಯ ಹೂವು ತೀರಾ ಸಣ್ಣದು. ಅದರಲ್ಲಿ ಸಂಕರ ಮಾಡುವುದು ಕಣ್ಣಿಗೂ ಬೆರಳಿಗೂ ತಪಸ್ಸು. ಎಲೆಯ ಗುಣ ಪ್ರಕೃತಿ ಕೊಟ್ಟದ್ದು, ತೆನೆಯ ತೂಕ ಮನುಷ್ಯ ದುಡಿದು ಪಡೆದದ್ದು. ತಾನೇ ಬೆಳೆಯುವ ಬೆಳೆಗೆ ಬೆಲೆ ಯಾಕೆ ಎಂದು ನಾವು ಕೇಳತೊಡಗಿದರೆ, ಮಳೆಯನ್ನೇ ನೆಚ್ಚಿದ ರೈತ ಅದನ್ನು ಬೆಳೆಯುವುದನ್ನೇ ಬಿಟ್ಟಾನು.

ಕೊನೆಯದಾಗಿ ಒಂದು ಪುಟ್ಟ ಪ್ರಯೋಗ. ಮೊಳಕೆಗೆಂದು ತಂದ ರಾಗಿಯಲ್ಲಿ ಒಂದು ಚಿಟಿಕೆಯನ್ನು ಎರಡು ಕುಂಡಗಳಲ್ಲಿ ಬಿತ್ತಿ. ಒಂದು ಬಾಲ್ಕನಿಯ ಬಿಸಿಲಿಗಿರಲಿ, ಇನ್ನೊಂದು ಮನೆಯೊಳಗೆ ನೆರಳಿಗಿರಲಿ. ಮೂರು ವಾರ ಬಿಟ್ಟು ಮಕ್ಕಳಿಗೆ ತೋರಿಸಿ. ನೆರಳಿನದು ಬಿಳಿಚಿ ಉದ್ದವಾಗಿ ಬಾಗಿರುತ್ತದೆ, ಬಿಸಿಲಿನದು ಗಿಡ್ಡವಾಗಿ ಗಟ್ಟಿಯಾಗಿ ಹಸಿರಾಗಿರುತ್ತದೆ. ಆ ಹಸಿರು ಎಲೆಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಿದ್ದರೆ ಅದರಲ್ಲಿ ನೋಡಿ. ಒತ್ತೊತ್ತಾಗಿ ಹರಿದ ನರಗಳು ಕಾಣುತ್ತವೆ. ಒಂದೊಂದು ನರದ ಸುತ್ತಲೂ ಒಂದೊಂದು ಒಳಕೋಣೆ, ಒಂದೊಂದು ಅಡುಗೆಮನೆ.