ಉಪಾಧ್ಯಾಯನ ಬಿಡುವು

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನನಗಿಂತ ಎಷ್ಟೋ ಬಲ್ಲವರಾದ ಪಂಡಿತರು ಷಟ್‌ಸ್ಥಲ ಸಿದ್ಧಾಂತವನ್ನೂ ಶರಣರ ಚರಿತೆಯನ್ನೂ ಕುರಿತು ಮಾತನಾಡಿರುವರು. ಅವರ ತರುವಾಯ ರಾಮನಾಥಪುರದ ಒಬ್ಬ ಹಳೆಯ ಶಾಲಾ ಉಪಾಧ್ಯಾಯನು ಎದ್ದು ನಿಂತು ಏನು ಹೇಳಬಲ್ಲನು? ಈ ಸಂಕೋಚವನ್ನು ಬಿನ್ನವಿಸಿಕೊಂಡಾಗ ಶ್ರೀಗಳವರು, "ನಿಮಗೆ ತಿಳಿದುದನ್ನೇ ಹೇಳಿ. ನಿಮ್ಮ ದಿನಗಳು ಹೇಗೆ ಕಳೆದವು, ಅವುಗಳಲ್ಲಿ ಸಂತೋಷವು ಎಲ್ಲಿತ್ತು, ಅಷ್ಟು ಹೇಳಿದರೆ ಸಾಕು" ಎಂದು ಅಪ್ಪಣೆ ಕೊಡಿಸಿದರು. ಅಪ್ಪಣೆಯು ಸುಲಭವಾಗಿ ಕಂಡಿತು. ಯೋಚಿಸುತ್ತ ಹೋದಂತೆ ಕಠಿನವಾಯಿತು. ಅದೇಕೆಂದರೆ, ನನ್ನ ಸಂತೋಷಗಳನ್ನು ಎಣಿಸಹೊರಟಾಗ ನಾನು ಮಾಡಿದ ಒಂದು ತಪ್ಪೂ ಅವುಗಳ ನಡುವೆಯೇ ನಿಂತಿರುವುದು ಕಂಡಿತು. ಎರಡನ್ನೂ ಹೇಳುವೆನು.

ನಾನು ೧೯೮೧ರಲ್ಲಿ ಉಪಾಧ್ಯಾಯ ವೃತ್ತಿಗೆ ಸೇರಿದೆನು. ಸಂಬಳವು ಅಲ್ಪ, ಮನೆಯು ಸಣ್ಣದು, ಅಗತ್ಯಗಳೂ ಸಣ್ಣವೇ. ಬೆಳಗಿನ ಜಾವಕ್ಕೆ ಎದ್ದು ಹೊಳೆಗೆ ಹೋಗುವೆನು. ನಮ್ಮ ಊರಿನವರಿಗೆ ಕಾವೇರಿಯು 'ಹೊಳೆ'ಯೇ ಹೊರತು, ದೊಡ್ಡ ಹೆಸರಿನಿಂದ ಅವಳನ್ನು ಕರೆಯುವ ವಾಡಿಕೆಯಿಲ್ಲ. ಮನೆಯವಳನ್ನು ಯಾರು ಪೂರ್ಣ ಹೆಸರು ಹಿಡಿದು ಕೂಗುವರು? ಸ್ನಾನವಾದ ಮೇಲೆ ಹಿತ್ತಿಲಿನ ತುಂಬೆಯ ಹೂವನ್ನೂ ನಾಲ್ಕು ಪತ್ರೆಯನ್ನೂ ಬಿಡಿಸಿ ತಂದು ಲಿಂಗಪೂಜೆ. ಅನಂತರ ಒಂದು ಲೋಟ ಕಾಫಿ, ರಾಗಿರೊಟ್ಟಿ, ಶಾಲೆ. ಸಂಜೆ ಹಿತ್ತಿಲಿನ ಅವರೆ ಹಂಬಿಗೂ ಬದನೆಯ ಗಿಡಗಳಿಗೂ ನೀರು ಹೊಯ್ಯುವುದು. ಶ್ರಾವಣ ಮಾಸ ಬಂದರೆ ರಾತ್ರಿ ನಾಲ್ಕು ಜನ ಕೂಡಿ ಚಾಮರಸನ 'ಪ್ರಭುಲಿಂಗಲೀಲೆ'ಯನ್ನೋ ಹರಿಹರನ ರಗಳೆಗಳನ್ನೋ ಓದುವುದು. ಒಬ್ಬರು ಓದಿದರೆ ಮತ್ತೊಬ್ಬರು ಅರ್ಥ ಹೇಳುವರು. ಅರ್ಥವು ತಪ್ಪಿದರೆ ಮೂಲೆಯಲ್ಲಿ ಕುಳಿತ ಮುದುಕಿಯೊಬ್ಬಳು ತಿದ್ದುವಳು.

ಇವಲ್ಲದೆ ನನಗೆ ಇನ್ನೊಂದು ಹವ್ಯಾಸವಿದ್ದಿತು. ಸರಕಾರವು ಕೊಡುವ ಹಾಜರಿ ಪುಸ್ತಕದಂತಹುದೇ ಒಂದು ಪುಸ್ತಕವನ್ನು ನನ್ನ ಹಣದಿಂದ ಕೊಂಡು, ಅದರಲ್ಲಿ ಮಕ್ಕಳ ಹೆಸರಿಗೆ ಬದಲಾಗಿ ಹೊಳೆಯ ಹಾಜರಿಯನ್ನು ಬರೆಯತೊಡಗಿದೆನು. ಭರಣಿ ಮಳೆಯು ಎಂದು ಬಿದ್ದಿತು, ಹೊಂಗೆಯು ಎಂದು ಚಿಗುರಿತು, ನೀರು ಎಂದು ಕೆಂಪಾಯಿತು, ಸೋಪಾನದ ಎಷ್ಟನೆಯ ಮೆಟ್ಟಿಲವರೆಗೆ ಏರಿತು, ಎಂದು ತಿಳಿಯಾಗಿ ಮತ್ತೆ ಮೀನುಗಳು ಕಾಣಿಸಿಕೊಂಡವು ಎಂಬಿಷ್ಟೆ. ಇದರಿಂದ ಯಾರಿಗೇನು ಪ್ರಯೋಜನವೆಂದು ಕೇಳಿದರೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಬರೆಯುವಾಗ ಮನಸ್ಸಿಗೆ ಹಿತವಾಗುತ್ತಿದ್ದಿತು.

ಮೀನುಗಳೆಂದೆನಷ್ಟೆ. ನಮ್ಮ ಊರಿಗೆ ಬಂದವರೆಲ್ಲರೂ ರಾಮೇಶ್ವರನ ದರ್ಶನವಾದ ಮೇಲೆ ವಹ್ನಿಪುಷ್ಕರಿಣಿಯೆಂಬ ಮಡುವಿನ ಬಳಿಗೆ ಬರುವರು. ಅಲ್ಲಿ ಮಹಶೀರ್ ಎಂಬ ಜಾತಿಯ ದೊಡ್ಡ ಮೀನುಗಳಿವೆ. ಕ್ಷೇತ್ರದ ಮೀನುಗಳಾದುದರಿಂದ ಅವುಗಳನ್ನು ಯಾರೂ ಹಿಡಿಯಬಾರದೆಂಬುದು ಹಿಂದಿನಿಂದ ಬಂದ ಕಟ್ಟಳೆ. ಒಂದು ಹಿಡಿ ಪುರಿಯನ್ನು ಚೆಲ್ಲಿದರೆ ನೀರೆಲ್ಲ ಬಾಯಾಗಿ ಮೇಲೇಳುವುದು. ಮಾರ್ಗಶಿರದ ಷಷ್ಠಿಯಲ್ಲಿ ಸುಬ್ರಹ್ಮಣ್ಯಸ್ವಾಮಿಯ ರಥೋತ್ಸವಕ್ಕೆ ಬರುವ ಜನರಲ್ಲಿ ತೇರಿಗಿಂತ ಹೆಚ್ಚು ಹೊತ್ತು ಮೀನುಗಳನ್ನು ನೋಡುವವರೂ ಉಂಟು. ನಾನೂ ಅವರಲ್ಲಿ ಒಬ್ಬನು. ನನಗೆ ಮಾತ್ರ ಜಾತ್ರೆಯು ನಿತ್ಯವೂ ಇದ್ದಿತು.

ಇಂತಹ ಅಲ್ಪ ವಿಷಯಗಳನ್ನು ಮಠದ ಸಭೆಯಲ್ಲಿ ಹೇಳಬಹುದೆ, ಹಿರಿಯರು ಸುಖವನ್ನು ಬಿಡಿರೆಂದಲ್ಲವೆ ಹೇಳಿರುವುದು, ಎಂದು ಯಾರಾದರೂ ಕೇಳಬಹುದು. ನನ್ನ ಅಲ್ಪಮತಿಗೆ ತೋರಿದ ಮಟ್ಟಿಗೆ ಶರಣರು ಲೋಕವನ್ನು ಬಿಟ್ಟು ಓಡಲಿಲ್ಲ. ಅವರಲ್ಲಿ ನೇಯುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು ಇದ್ದರು. ಉಣ್ಣುವ ಅನ್ನವನ್ನೂ ಮೂಸುವ ಹೂವನ್ನೂ ಮೊದಲು ಲಿಂಗಕ್ಕೆ ಅರ್ಪಿಸಿ ಆಮೇಲೆ ಸ್ವೀಕರಿಸಬೇಕೆಂದರು. ಅರ್ಪಿಸಿ ಪಡೆದುದು ಪ್ರಸಾದ. ಕಸಿದು ತಿಂದುದು ಬರಿಯ ಭೋಗ. ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವಿದೆ. ಆರು ಸ್ಥಲಗಳಲ್ಲಿ ಮೂರನೆಯದೇ ಪ್ರಸಾದಿಸ್ಥಲ. ಹೀಗಿರಲು ಬೆಳಗಿನ ತಣ್ಣೀರು, ಹಿತ್ತಿಲಿನ ಹೂವು, ಹೊಳೆಯ ನೋಟ, ಇವು ಏತಕ್ಕೆ ಪ್ರಸಾದವಾಗಬಾರದು?

ಈ ಮಾತನ್ನು ನಾನು ಸುಲಭವಾಗಿ ಒಪ್ಪಿದೆನು, ನನ್ನ ಸಂತೋಷದ ವಿಷಯದಲ್ಲಿ. ಇನ್ನೊಬ್ಬರ ವಿಷಯದಲ್ಲಿ ಒಪ್ಪಲು ಏಕೆ ತಡವಾಯಿತೆಂಬುದೇ ಈಗ ಹೇಳಬೇಕಾದ ಕಥೆ.

ಅದು ೧೯೯೪ನೆಯ ಇಸವಿ, ಪುಷ್ಯ ಮಳೆಯ ಕಾಲ. ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿನ ಬೇಸಾಯವು ವಿಶೇಷವಾಗಿರುವುದು ನಿಮಗೆಲ್ಲ ತಿಳಿದಿದೆ. ಎಲೆಯನ್ನು ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನಲ್ಲಿ ತೂಗುಹಾಕಿ, ಐದಾರು ದಿನ ಹಗಲಿರುಳೂ ಕಾವು ಕೊಡಬೇಕು. ಕಾವು ಹೆಚ್ಚಿದರೆ ಎಲೆಯು ಕೆಡುವುದು, ಕಡಮೆಯಾದರೂ ಕೆಡುವುದು. ಆದುದರಿಂದ ರಾತ್ರಿಯೆಲ್ಲ ಒಲೆಯ ಮುಂದೆ ಒಬ್ಬರು ಎಚ್ಚರವಾಗಿರಬೇಕು. ದೊಡ್ಡವರು ಹಗಲು ದುಡಿದು ಬಳಲಿರುವಾಗ ಆ ಕೆಲಸವು ಎಷ್ಟೋ ಮನೆಗಳಲ್ಲಿ ಹುಡುಗರ ಪಾಲಿಗೆ ಬರುತ್ತಿದ್ದಿತು.

ನನ್ನ ತರಗತಿಯಲ್ಲಿ ಅಂತಹ ಹುಡುಗನೊಬ್ಬನಿದ್ದನು. ಒಂದು ದಿನ ಪಾಠವು ಅರ್ಧವಾದ ಮೇಲೆ ಬಂದು ಬಾಗಿಲಲ್ಲಿ ನಿಂತನು. ಏಕೆ ತಡವೆಂದು ಕೇಳಿದೆನು. "ಹೊಳೆ ಏರಿತ್ತು ಮೇಷ್ಟ್ರೇ, ನೋಡ್ತಾ ನಿಂತುಬಿಟ್ಟೆ" ಎಂದನು. ಮಕ್ಕಳೆಲ್ಲರೂ ನಕ್ಕರು. ನನಗೆ ಕೋಪ ಬಂದಿತು. ಸೋಮಾರಿಯೆಂದೂ, ಹೊಳೆ ನೋಡುವವನಿಗೆ ಪುಸ್ತಕವೇಕೆಂದೂ ಆಡಬಾರದ ಮಾತುಗಳನ್ನಾಡಿ, ಆ ದಿನವೆಲ್ಲ ಅವನನ್ನು ಹೊರಗೆ ನಿಲ್ಲಿಸಿದೆನು. ಅವನು ಗೋಡೆಗೆ ಒರಗಿ ನಿಂತಹಾಗೆಯೇ ತೂಕಡಿಸುತ್ತಿದ್ದುದನ್ನು ಕಂಡು ನನ್ನ ತೀರ್ಮಾನವು ಇನ್ನಷ್ಟು ಗಟ್ಟಿಯಾಯಿತು.

ಆ ರಾತ್ರಿ ವಾಡಿಕೆಯಂತೆ ನನ್ನ ಪುಸ್ತಕವನ್ನು ತೆರೆದೆನು. ಬೆಳಿಗ್ಗೆ ನಾನೇ ಬರೆದ ಸಾಲು ಅದರಲ್ಲಿದ್ದಿತು: "ಹೊಳೆಯು ಸೋಪಾನದ ಅರ್ಧಕ್ಕೆ ಏರಿದೆ. ನೋಡುತ್ತ ನಿಂತು ಹೊತ್ತು ಹೋದುದೇ ತಿಳಿಯಲಿಲ್ಲ. ಶಾಲೆಗೆ ಕಾಲು ಗಂಟೆ ತಡ." ಮಹನೀಯರೇ, ಅದೇ ಹೊಳೆ, ಅದೇ ಬೆಳಗು, ಅದೇ ನೋಟ. ನಾನು ನೋಡಿದರೆ ಹವ್ಯಾಸ, ಅವನು ನೋಡಿದರೆ ಸೋಮಾರಿತನ! ನಾನಾದರೋ ರಾತ್ರಿಯೆಲ್ಲ ಸುಖವಾಗಿ ಮಲಗಿ ಎದ್ದವನು. ಅವನು ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿಗೆ ಸೌದೆಯೊಡ್ಡಿ ಬಂದವನು. ಹಗಲಿಗೆ ಶಾಲೆಯ ಕೆಲಸ, ಇರುಳಿಗೆ ಮನೆಯ ಕೆಲಸ. ನಡುವಣ ದಾರಿಯಲ್ಲಿ ಅವನಿಗೆ ದೊರೆತ ಸಂತೋಷವು ಅದೊಂದೇ. ಅದನ್ನೇ ನಾನು ಅಪರಾಧವೆಂದು ಕರೆದೆನು.

ಮರುದಿನ ಅವನು ಬರಲಿಲ್ಲ. ನಾಲ್ಕು ದಿನ ಕಾದು ಅವನ ಮನೆಗೆ ಹೋದೆನು. ಅವನ ತಂದೆಯು ಚಾಪೆ ಹಾಸಿ ಕುಳ್ಳಿರಿಸಿ, "ಸೊಪ್ಪಿನ ಕೆಲಸ ಮುಗಿಯಲಿ ಮೇಷ್ಟ್ರೇ, ಕಳಿಸ್ತೀನಿ" ಎಂದನು. ಹುಡುಗನು ಕಡ್ಡಿಗೆ ಎಲೆ ಕಟ್ಟುತ್ತಿದ್ದನು, ತಲೆಯೆತ್ತಿ ನೋಡಲಿಲ್ಲ. ತಪ್ಪಾಯಿತೆಂದು ಹೇಳಬೇಕೆಂದು ಹೋದವನು, ದೊಡ್ಡವನೆಂಬ ಬಿಗುಮಾನದಿಂದ ಹೇಳದೆಯೇ ಬಂದೆನು. ಸೊಪ್ಪಿನ ಕೆಲಸವು ಮುಗಿಯಿತು. ಹುಡುಗನು ಶಾಲೆಗೆ ಮರಳಲಿಲ್ಲ. ಬಡತನವೇ ಅದಕ್ಕೆ ಮುಖ್ಯ ಕಾರಣವಿರಬಹುದು. ಆದರೂ ಅವನು ದಾಟಲಾರದೆ ಹೋದ ಹೊಸ್ತಿಲಿನ ಮೇಲೆ ನನ್ನ ಮಾತೂ ಒಂದು ಕಲ್ಲಾಗಿ ಬಿದ್ದಿದ್ದಿತು.

ಅಂದಿನಿಂದ ಒಂದು ನಿಯಮವನ್ನು ಮಾಡಿಕೊಂಡೆನು. ಶನಿವಾರ ಪಾಠವು ಮುಗಿದ ಮೇಲೆ ಮಕ್ಕಳನ್ನು ಹೊಳೆಯ ದಡಕ್ಕೆ ಕರೆದೊಯ್ಯುವುದು; ಅರ್ಧ ಗಂಟೆ ಸುಮ್ಮನೆ ನೋಡುವುದು; ನೋಡಿದುದನ್ನು ಅವರವರ ಪುಸ್ತಕಗಳಲ್ಲಿ ಅವರೇ ಬರೆಯುವುದು. ನನ್ನ ಪುಸ್ತಕವನ್ನೂ ಅವರ ಮುಂದಿಟ್ಟೆನು. ಬೇಕಾದವರು ಅದರಿಂದ ಹಿಂದಿನ ವರ್ಷಗಳ ಮಳೆಯ ಲೆಕ್ಕವನ್ನು ನಕಲು ಮಾಡಿಕೊಂಡರು. ಹೊಗೆಸೊಪ್ಪಿನ ಕಾಲದಲ್ಲಿ ನಿದ್ದೆಗೆಟ್ಟು ಬಂದ ಹುಡುಗನನ್ನು ಗದರಿಸುವ ಮೊದಲು, ರಾತ್ರಿ ಎಲ್ಲಿದ್ದೆಯೆಂದು ಕೇಳುವುದನ್ನು ಕಲಿತೆನು.

ಸಂತೋಷವು ಎಲ್ಲರಿಗೂ ಬೇಕೆಂದ ಮಾತ್ರಕ್ಕೆ ಅದಕ್ಕೆ ಮಿತಿಯಿಲ್ಲವೆಂದು ಅರ್ಥವಲ್ಲ. ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದರು. ಸತಿ ಲಕ್ಕಮ್ಮನವರು ಅದನ್ನು ಕಂಡು, ನಮಗೆ ಎಂದಿನಷ್ಟೇ ಸಾಕು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದರು. ಆ ಮನೆಯಲ್ಲಿ ದಾರಿದ್ರ್ಯವಿದ್ದಿತೇ ಹೊರತು ಕೊರತೆಯಿರಲಿಲ್ಲ. 'ಸಾಕು' ಎಂಬ ಎರಡಕ್ಷರವು ಬಾಯಿಗೆ ಬಂದವನಿಗೆ ಹಿಡಿ ಅಕ್ಕಿಯಲ್ಲಿಯೂ ಹಬ್ಬ. ಬಾರದವನಿಗೆ ಕಣಜದ ಮುಂದೆಯೂ ಹಸಿವು.

ಇಂದು ಅಂಗೈಯಗಲದ ಮೊಬೈಲು ಪ್ರತಿಯೊಬ್ಬರ ಕೈಯಲ್ಲಿಯೂ ಇದೆ. ಅದನ್ನು ಹಳಿಯುವುದಕ್ಕಾಗಿ ನಾನು ನಿಂತಿಲ್ಲ. ದೂರದ ಮೊಮ್ಮಕ್ಕಳ ಮುಖವನ್ನು ಅದರಲ್ಲಿಯೇ ಕಾಣುತ್ತೇನೆ. ಆದರೆ ಹೊಳೆಯನ್ನು ನೋಡಿದವನು ಒಂದು ಹೊತ್ತಿಗೆ ಸಾಕೆಂದು ಎದ್ದುಬರುವನು. ಅದನ್ನು ನೋಡುವವನಿಗೆ ಸಾಕೆಂಬುದು ತೋಚುವುದೇ ಇಲ್ಲ. ಯಾವ ಸಂತೋಷದಿಂದ ಎದ್ದ ಮೇಲೆ ಕೆಲಸಕ್ಕೆ ಕೈ ಹಗುರಾಗುವುದೋ ಅದು ಒಳ್ಳೆಯದು. ಯಾವುದರಿಂದ ಎದ್ದ ಮೇಲೆ ಮನಸ್ಸು ಬರಿದಾಗಿ ಕೈ ಭಾರವಾಗುವುದೋ ಅದನ್ನು ಕಡಮೆ ಮಾಡಬೇಕು. ಇದು ನಾನು ಕಂಡುಕೊಂಡ ಪರೀಕ್ಷೆ.

ಬಿಡುವಿನ ಕೆಲಸವು ಕೆಲವೊಮ್ಮೆ ಲೋಕಕ್ಕೆ ದಾಸೋಹವಾಗುವುದೂ ಉಂಟು. ಇದಕ್ಕೆ ನಮ್ಮ ಸಮಾಜದಲ್ಲಿಯೇ ಮಹತ್ತಾದ ನಿದರ್ಶನವಿದೆ. ೧೮೮೦ರಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರು. ಅವರ ವೃತ್ತಿಯು ನ್ಯಾಯಾಲಯದಲ್ಲಿ. ಅವರ ಮನಸ್ಸು ಮನೆಮನೆಗಳಲ್ಲಿ ಅಡಗಿದ್ದ ತಾಡವೋಲೆಯ ಕಟ್ಟುಗಳಲ್ಲಿ. ಓಲೆಗಳನ್ನು ಹುಡುಕಿ, ಓದಿ, ನಕಲು ಮಾಡಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಹೊರತಂದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರ ಬಿಡುವಿನ ಹೊತ್ತಿನ ಆಸಕ್ತಿಯು ಇಲ್ಲದಿದ್ದರೆ ಇಂದು ನಾವು ಸಲೀಸಾಗಿ ಓದುವ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದವೋ ಊಹಿಸಿರಿ. ಎಲ್ಲರೂ ಹಳಕಟ್ಟಿಯವರಾಗಲು ಸಾಧ್ಯವಿಲ್ಲ. ಆದರೆ ಯಾವ ಮಗುವಿನ ಯಾವ ಕುತೂಹಲವು ಮುಂದೆ ಏನಾಗಿ ಫಲಿಸುವುದೆಂದು ಅದನ್ನು ಚಿವುಟುವ ಮೊದಲು ತಿಳಿದವರು ಯಾರು?

ನನ್ನ ಹೊಳೆಯ ಪುಸ್ತಕಗಳು ಏನಾದವೆಂದು ಹೇಳಿ ಮುಗಿಸುವೆನು. ೨೦೧೮ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿಯುವಂತೆ ಮಳೆ ಸುರಿಯಿತು. ಆ ನೀರೆಲ್ಲ ಕಾವೇರಿಯಲ್ಲಿ ಇಳಿದು ಬಂದು ನಮ್ಮ ಊರಿನ ತಗ್ಗಿನ ಬೀದಿಗಳಿಗೆ ನುಗ್ಗಿತು. ಎಷ್ಟನೆಯ ಮೆಟ್ಟಿಲೆಂದು ನಾನು ವರ್ಷವರ್ಷವೂ ಬರೆಯುತ್ತಿದ್ದ ಹೊಳೆಯು ಈ ಸಲ ತಾನೇ ಮನೆಗೆ ಬಂದು ಲೆಕ್ಕದ ಪುಸ್ತಕಗಳನ್ನು ಕೇಳಿತು. ಉಟ್ಟ ಬಟ್ಟೆಯಲ್ಲಿ ಹೊರಟೆವು. ಪೆಟ್ಟಿಗೆಯ ತಳದಲ್ಲಿದ್ದ ಪುಸ್ತಕಗಳು ನೆನೆದು ಮುದ್ದೆಯಾದವು. ಆ ರಾತ್ರಿ ಎತ್ತರದ ಜಾಗದಲ್ಲಿ ಎಲ್ಲರೊಡನೆ ಸಾಲಾಗಿ ಕುಳಿತಾಗ, ಯಾರೋ ಎಲೆಯ ಮೇಲೆ ಬಿಸಿ ಅನ್ನ, ಸಾರು ಬಡಿಸಿದರು. ಅಷ್ಟು ರುಚಿಯಾದ ಊಟವನ್ನು ನಾನು ಅದುವರೆಗೆ ಉಂಡಿರಲಿಲ್ಲ. ಪ್ರಸಾದವೆಂಬ ಮಾತಿನ ಅರ್ಥವನ್ನು ಮೂವತ್ತು ವರ್ಷ ಹೇಳಿದವನು ಆ ರಾತ್ರಿ ಉಂಡು ತಿಳಿದೆನು.

ನೀರಿಳಿದ ಮೇಲೆ ಹಳೆಯ ಶಿಷ್ಯರು ಕೆಲವರು ಮನೆಗೆ ಬಂದರು. ಒಬ್ಬಳು ತಾನು ಹುಡುಗಿಯಾಗಿದ್ದಾಗ ಶನಿವಾರಗಳಲ್ಲಿ ಬರೆದ ಪುಸ್ತಕವನ್ನು ತಂದಿದ್ದಳು. ಇನ್ನೊಬ್ಬನ ಬಳಿ ನನ್ನ ಹತ್ತು ವರ್ಷಗಳ ಮಳೆಯ ಲೆಕ್ಕದ ನಕಲು ಇದ್ದಿತು. ಪೆಟ್ಟಿಗೆಯಲ್ಲಿ ಕೂಡಿಟ್ಟುದು ಹೋಯಿತು, ಹಂಚಿದುದು ಉಳಿಯಿತು. ಅವುಗಳನ್ನು ತಿರುವುತ್ತ ೧೯೯೪ರ ಪುಷ್ಯ ಮಳೆಯ ಪುಟವನ್ನು ಹುಡುಕಿದೆನು. ಅದನ್ನು ಯಾರೂ ನಕಲು ಮಾಡಿರಲಿಲ್ಲ. ಅದಕ್ಕಾಗಿಯೇ ಇಂದು ನಿಮ್ಮೆದುರಿಗೆ ಬಾಯಿಬಿಟ್ಟು ಹೇಳಿದೆನು.

ತಂದೆತಾಯಿಗಳಲ್ಲಿಯೂ ಉಪಾಧ್ಯಾಯ ಮಿತ್ರರಲ್ಲಿಯೂ ನನ್ನ ಬಿನ್ನಹವು ಒಂದೇ. ನಿಮ್ಮ ಮಕ್ಕಳಿಗೆ ದಿನಕ್ಕೆ ಒಂದು ಗಳಿಗೆಯಾದರೂ ಅವರದೇ ಆದ ಬಿಡುವನ್ನು ಕೊಡಿ. ಅವರು ಹೊಳೆಯನ್ನೋ ಇರುವೆಯ ಸಾಲನ್ನೋ ನೋಡುತ್ತ ನಿಂತರೆ, ಏನು ಕಂಡೆಯೆಂದು ಕೇಳಿ. ಸಾಧ್ಯವಾದರೆ ಜೊತೆಯಲ್ಲಿ ನಿಂತು ನೀವೂ ನೋಡಿ. ಬಡವನ ಮನೆಯ ಮಗುವಿಗೆ ಆ ಗಳಿಗೆಯು ಇನ್ನೂ ಹೆಚ್ಚಾಗಿ ಬೇಕು.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನು ಎಲ್ಲಿರುವನೋ ನಾನರಿಯೆ. ಅವನು ಈ ಸಭೆಯಲ್ಲಿದ್ದರೆ, ಇಲ್ಲವೆ ಈ ಸಂಪುಟವು ಎಂದಾದರೂ ಅವನ ಕೈಗೆ ಬಂದರೆ, ಅಂದು ಚಾಪೆಯ ಮೇಲೆ ಕುಳಿತು ಹೇಳಲಾರದೆ ಹೋದುದನ್ನು ಈಗ ಹೇಳುತ್ತೇನೆ: ಅಪ್ಪಾ, ತಪ್ಪು ನನ್ನದು. ನೀನು ನೋಡಿದುದು ಸರಿ. ಆ ದಿನ ಹೊಳೆಯು ನೋಡುವಂತೆಯೇ ಇದ್ದಿತು.